ಕಣ್ಣಲ್ಲಿ ಚುಕ್ಕೆ ಇಲ್ಲದ ಮೀನು

ಪದಕ, ಫಲಕ ಮಾಡಿಕೊಡುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗೆರೆಯಕ್ಕ ಅಂತ. ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಗೆರೆ ಎಳೆಯುತ್ತಾಳೆ. ಅವಳು ಎಳೆದದ್ದನ್ನು ಲೇಸರ್ ಯಂತ್ರ ಮರದ ಹಲಗೆಯ ಮೇಲೆ ಸುಟ್ಟು ಕೆತ್ತುತ್ತದೆ. ಓಟದ ಪಂದ್ಯಕ್ಕೆ ಓಡುವ ಮನುಷ್ಯ, ಚದುರಂಗಕ್ಕೆ ಕುದುರೆ, ಇವನ್ನೆಲ್ಲ ಒಮ್ಮೆ ಮಾಡಿಟ್ಟರೆ ಹತ್ತು ವರ್ಷ ಓಡುತ್ತದೆ. ಗಾಳದ ಪಂದ್ಯಕ್ಕೆ ಬೇಕಾಗುವ ಮೀನು ಹಾಗಲ್ಲ. ಗಾಳ ಹಾಕುವವರಷ್ಟು ಕಿರಿಕಿರಿ ಗಿರಾಕಿಗಳು ಭೂಮಿ ಮೇಲೆ ಬೇರೆ ಇಲ್ಲ. ಗೆಂಡೆ ಹಿಡಿದವನಿಗೆ ಗೆಂಡೆಯೇ ಬೇಕು. ಬೆನ್ನಿನ ರೆಕ್ಕೆ ಒಂದು ಬೆರಳು ಹಿಂದೆ ಸರಿದರೂ ಹಲಗೆ ವಾಪಸು.

ಚಿತ್ರ ಹುಡುಕುವುದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ. ಇಂಟರ್ನೆಟ್ಟಿನಲ್ಲಿ ಸಿಗುವ ಮೀನುಗಳೆಲ್ಲ ಮಕ್ಕಳ ಪುಸ್ತಕದವು, ಹಲ್ಲು ಕಿರಿಯುತ್ತವೆ. ಲೈಬ್ರರಿಯ ಹಳೇ ಪುಸ್ತಕಗಳಲ್ಲಿ ಒಳ್ಳೆಯ ಚಿತ್ರಗಳಿವೆ, ಆದರೆ ಯಾರೋ ಬ್ಲೇಡು ಹಾಕಿ ಕತ್ತರಿಸಿಕೊಂಡು ಹೋಗಿರುತ್ತಾರೆ. ಉಳಿದದ್ದು ಗಿರಾಕಿಗಳ ಫೋನಿನ ಫೋಟೋ. ಅದರಲ್ಲಿ ಮೀನಿಗಿಂತ ಹಿಡಿದವನ ಹೊಟ್ಟೆಯೇ ದೊಡ್ಡದು. ಕಿವಿರಿನೊಳಗೆ ಹೆಬ್ಬೆಟ್ಟು, ಬಾಲ ಚೌಕಟ್ಟಿನಾಚೆ. ಗೆರೆಯಕ್ಕ ಹೆಬ್ಬೆಟ್ಟು ಅಳಿಸಿ, ಬಾಲ ಬರೆದು, ಹುರುಪೆಗಳನ್ನು ವಿರಳ ಮಾಡುತ್ತಾಳೆ. ಲೇಸರಿಗೆ ಗೊತ್ತಿರುವುದು ಎರಡೇ, ಸುಡುವುದು ಇಲ್ಲವೇ ಬಿಡುವುದು. ಹುರುಪೆ ಒತ್ತಾದರೆ ಮೀನಿನ ಮೈಯೆಲ್ಲ ಮಸಿ. ಕೊನೆಗೆ ಕಣ್ಣಲ್ಲಿ ಸಾಸಿವೆಯಷ್ಟು ಜಾಗ ಸುಡದೆ ಬಿಡುತ್ತಾಳೆ, ಒಂದು ಬಿಳಿ ಚುಕ್ಕೆ. ಅಷ್ಟಕ್ಕೇ ಸತ್ತ ಮೀನು ಈಗಷ್ಟೇ ನೀರಿನಿಂದ ಜಿಗಿದ ಹಾಗೆ ಕಾಣುತ್ತದೆ. ಆ ಒಂದು ಸುಳ್ಳು ಎಲ್ಲ ಗಿರಾಕಿಗಳಿಗೂ ಪುಕ್ಕಟೆ.

ಈ ಕುರ್ಚಿಗೆ ಬಂದು ಅವಳಿಗೆ ಒಂಬತ್ತು ವರ್ಷ. ಅದಕ್ಕೆ ಮೊದಲು ಲೋಹದ ನಾಮಫಲಕ ಮಾಡುವ ಕಾರ್ಖಾನೆಯಲ್ಲಿ ನಕ್ಷೆ ಬರೆಯುತ್ತಿದ್ದಳು. ಆಸಿಡ್ ಹೊಗೆಗೆ ಇಬ್ಬರು ಹುಡುಗಿಯರ ಕಣ್ಣು ಹೋದ ಮೇಲೆ ಎಲ್ಲರೂ ಗೇಟಿನ ಮುಂದೆ ಕೂತರು, ಹನ್ನೊಂದು ವಾರ. ಅಲ್ಲಿನ ಮ್ಯಾನೇಜರ್ ಮೇಲಿನ ಕಿಟಕಿಯಿಂದ ಫೋಟೋ ತೆಗೆದು, ಕೆಂಪು ಪೆನ್ನಿನಲ್ಲಿ ಹದಿನಾಲ್ಕು ಮುಖಗಳಿಗೆ ಸುತ್ತು ಹಾಕಿದ. ಆ ಫೋಟೋ ಸುತ್ತಮುತ್ತಲ ಕಾರ್ಖಾನೆಗಳ ಮೇಜಿನ ಮೇಲೆಲ್ಲ ಓಡಾಡಿತು. ಹೋದಲ್ಲೆಲ್ಲ ಜಾಗ ಇಲ್ಲ ಅಂದರು. ಕೊನೆಗೆ ಕೂರಿಸಿಕೊಂಡವನು ಅಕ್ಕನ ಗಂಡ, ಈ ಅಂಗಡಿಯ ಯಜಮಾನ. ಅವಳಿಗೆ ಮರೆವು ಅನ್ನುವ ಸವಲತ್ತು ಹುಟ್ಟಿನಿಂದಲೇ ಇಲ್ಲ.

ಆ ಮ್ಯಾನೇಜರ್ ನಿವೃತ್ತನಾಗಿ, ಗಾಳ ಹಿಡಿದು, ಕೆರೆಯ ಗಾಳಗಾರರ ಸಂಘಕ್ಕೆ ಅಧ್ಯಕ್ಷನಾಗಿದ್ದ. ಇಷ್ಟು ವರ್ಷ ಸಂಘದ ಆರ್ಡರ್ ಕೊಡಲು ಕಾರ್ಯದರ್ಶಿ ಬರುತ್ತಿದ್ದ. ಈ ಸಲ ಅಧ್ಯಕ್ಷನೇ ಬಂದ, ಯಾಕೆಂದರೆ ಈ ಸಲದ ಅತಿ ದೊಡ್ಡ ಮೀನು ಅವನದೇ. ಹನ್ನೆರಡು ಕಿಲೋ ಗೆಂಡೆ. ಬೇರೆಯವರು ಕೆರೆಗೆ ಬರುವ ಮೊದಲೇ ಹಿಡಿದು, ತಾನೇ ತೂಗಿ, ತಾನೇ ಬರೆದುಕೊಂಡಿದ್ದ. ಗೆರೆಯಕ್ಕನ ಮುಖಕ್ಕೆ ಎರಡು ಮೊಳ ದೂರದಲ್ಲಿ ನಿಂತು ಫೋನು ಚಾಚಿದ. ಅವನಿಗೆ ಅವಳ ಗುರುತು ಹತ್ತಲಿಲ್ಲ.

"ನೋಡಮ್ಮ, ಪುಸ್ತಕದ ಮೀನು ಹಾಕಿ ಕೈ ತೊಳ್ಕೋಬೇಡ. ನನ್ನ ಮೀನೇ ಬರಬೇಕು. ಫೋಟೋದಲ್ಲಿ ಇದ್ದ ಹಾಗೇ. ಒಂದು ಗೆರೆ ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಅವಳು ತಲೆ ಎತ್ತದೆ ಆಯ್ತು ಸಾರ್ ಅಂದಳು. ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು.

ಮಧ್ಯಾಹ್ನ ಫೋಟೋವನ್ನು ಪರದೆಯ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿದಾಗ ನಗು ಬಂತು. ಅವಳ ಅಮ್ಮ ಮೂವತ್ತು ವರ್ಷ ಮಾರುಕಟ್ಟೆಯಲ್ಲಿ ಮೀನು ಮಾರಿದವಳು. ಮಗಳಿಗೆ ಅಕ್ಷರಕ್ಕಿಂತ ಮೊದಲು ಮೀನಿನ ಕಣ್ಣು ಓದಲು ಬಂದಿತ್ತು. ಈ ಗೆಂಡೆಯ ಕಣ್ಣು ಗುಳಿ ಬಿದ್ದು ಹಾಲಿನ ಹಾಗೆ ಬೆಳ್ಳಗಾಗಿತ್ತು. ಐಸಿನಲ್ಲಿ ಎರಡು ದಿನ ಮಲಗಿದ ಮೀನಿನ ಕಣ್ಣು ಅದು. ಸಾಲದ್ದಕ್ಕೆ ಬಾಲದ ಕೆಳತುದಿಯಲ್ಲಿ ಕತ್ತರಿ ಹಾಕಿದ ಮೂರು ಮೂಲೆಯ ಕಚ್ಚು. ಸಗಟು ವ್ಯಾಪಾರಿಗಳು ಇದು ನನ್ನ ಬುಟ್ಟಿಯದು ಅಂತ ಗುರುತಿಗೆ ಹಾಕುವ ಕಚ್ಚು. ದೊಡ್ಡ ಮನುಷ್ಯ ಮೀನನ್ನು ಹಿಡಿದದ್ದು ಮೀನಂಗಡಿಯಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಅವಳೇ ಕಚ್ಚು ಮುಚ್ಚಿ, ಗುಳಿ ತುಂಬಿ, ಚುಕ್ಕೆ ಇಟ್ಟು ಕಳಿಸುತ್ತಿದ್ದಳು. ಈಗ ಹೆಬ್ಬೆಟ್ಟೊಂದನ್ನು ಬಿಟ್ಟು ಏನನ್ನೂ ಅಳಿಸಲಿಲ್ಲ. ಎಂದೂ ಇಲ್ಲದ ಶ್ರದ್ಧೆಯಿಂದ ಕಚ್ಚಿನ ಮೂರೂ ಮೂಲೆ ಎಳೆದಳು. ಕಣ್ಣಿನ ಗುಳಿಗೆ ಸುತ್ತಲೂ ನೆರಿಗೆ ಕೊಟ್ಟಳು, ಚುಕ್ಕೆ ಇಡಲಿಲ್ಲ.

ಭಾವ ಹಿಂದೆ ಬಂದು ನಿಂತು ನೋಡಿದ. ಅವನೂ ಮೀನು ತಿನ್ನುವವನೇ, ಹೇಳಬೇಕಾಗಿರಲಿಲ್ಲ. ಈ ಸಂಘದಿಂದ ವರ್ಷಕ್ಕೆ ಅರವತ್ತು ಹಲಗೆ ಬರುತ್ತೆ, ಇದು ಹೋದರೆ ಅಂಗಡಿಯ ಅರ್ಧ ಉಸಿರು ಹೋದ ಹಾಗೆ, ಚುಕ್ಕೆ ಇಟ್ಟು ಮುಗಿಸು ತಾಯಿ ಅಂತ ಮೆಲ್ಲಗೆ ಹೇಳಿದ. ಅವಳು ಮೌಸ್ ಬಿಡಲಿಲ್ಲ.

"ಅವರು ಹೇಳಿದ್ದನ್ನೇ ಮಾಡ್ತಿದ್ದೀನಿ ಭಾವ. ಇದ್ದ ಹಾಗೇ."

ಅವನು ಕತ್ತು ಕೆರೆದುಕೊಂಡ. ಹೋಗುವಾಗ, "ಸಹಿ ಹಾಕಿಸ್ಕೋ" ಅಂದ.

ಕೆತ್ತುವ ಮೊದಲು ಗಿರಾಕಿಗೆ ಕಾಗದದ ಮೇಲೆ ಮಾದರಿ ತೋರಿಸಿ ಒಪ್ಪಿಗೆ ಪಡೆಯುವುದು ಅಂಗಡಿಯ ರೂಢಿ. ಒಂಬತ್ತು ವರ್ಷದಲ್ಲಿ ಗೆರೆಯಕ್ಕ ಕಂಡುಕೊಂಡದ್ದು ಇಷ್ಟು: ಕಾಗದ ಕೈಗೆ ಬಂದ ಮೇಲೆ ಗೆದ್ದವನು ನೋಡುವುದು ತನ್ನ ಹೆಸರನ್ನು ಮಾತ್ರ. ಅಧ್ಯಕ್ಷನೂ ಕನ್ನಡಕ ಏರಿಸಿ ಹೆಸರಿನ ಒತ್ತು, ದೀರ್ಘ ಎಲ್ಲ ಬೆರಳಿಟ್ಟು ನೋಡಿದ. ಹೆಸರು ಇನ್ನೊಂದಿಷ್ಟು ದಪ್ಪ ಇರಲಿ, ಬೇಕಿದ್ದರೆ ಮೀನನ್ನು ಸ್ವಲ್ಪ ಮೇಲೆ ತಳ್ಳು ಅಂದ. ಅವಳು ತಳ್ಳಿದಳು. ಅವನು ಸಹಿ ಹಾಕಿದ, ಕೆಳಗೆ ಎರಡು ಗೆರೆ ಎಳೆದು.

ಭಾನುವಾರ ಮಧ್ಯಾಹ್ನ ಹಲಗೆಗಳ ಪೆಟ್ಟಿಗೆ ಹೊತ್ತು ಸಂಘದ ಹಾಲಿಗೆ ಅವಳೇ ಹೋದಳು. ಮೇಜಿನ ಮೇಲೆ ಸಾಲಾಗಿ ಜೋಡಿಸಿ ಗೋಡೆಗೆ ಒರಗಿ ನಿಂತಳು. ಗಾಳದ ರಾಟೆ ರಿಪೇರಿ ಮಾಡುವ ಮುದುಕನೊಬ್ಬ, ಎಲ್ಲರಿಗೂ ರಾಟೆತಾತ, ಮೊದಲ ಬಹುಮಾನದ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡ. ಕಣ್ಣಿನ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಬಾಲದ ಮೇಲೆ.

"ಅಧ್ಯಕ್ಷರೇ, ಈ ಮೀನು ಎಷ್ಟೊತ್ತಿಗೆ ಹಿಡಿದ್ರಿ?"

"ಬೆಳಿಗ್ಗೆ ಆರೂವರೆ."

"ಅದು ಸತ್ತಿದ್ದು ಯಾವಾಗ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಲಗೆ ಕೈಯಿಂದ ಕೈಗೆ ಹೋಯಿತು. ಅಲ್ಲಿದ್ದವರೆಲ್ಲ ಮೀನು ಬಲ್ಲವರು. ಒಬ್ಬ, ಬಾಲಕ್ಕೆ ಕತ್ತರಿ ಹಾಕಿಸಿಕೊಂಡೇ ಕೆರೆಗೆ ಈಜಲು ಬಂದಿತ್ತೇನೋ ಪಾಪ ಅಂದ. ಇನ್ನೊಬ್ಬ ಮೂಸಿ ನೋಡಿದ. ನಗು ಹಾಲಿನ ತುಂಬ ಉರುಳಾಡಿತು. ಅಧ್ಯಕ್ಷನ ಮುಖದಲ್ಲಿ ನೀರಿಳಿಯಿತು. ಕೆತ್ತಿದವಳದ್ದೇ ತಪ್ಪು, ಇವರಿಗೆ ಮೀನಿನ ಗಂಧಗಾಳಿ ಇಲ್ಲ ಅಂತ ಕೂಗಾಡಿದ. ಗೆರೆಯಕ್ಕ ಸಹಿ ಇದ್ದ ಕಾಗದ ಬಿಡಿಸಿ ಹಿಡಿದಳು.

"ಫೋಟೋ ನಿಮ್ಮ ಫೋನಲ್ಲೇ ಇದೆ ಸಾರ್. ತೆಗೆದು ತೋರಿಸಿ. ತಪ್ಪು ನನ್ನದಾದ್ರೆ ಇಲ್ಲೇ ಕಾಲು ಹಿಡಿದು ಒಪ್ಕೋತೀನಿ."

ಅವನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು.

ಹೊರಗೆ ಮೆಟ್ಟಿಲ ಬಳಿ ಅವಳನ್ನು ಅಡ್ಡಗಟ್ಟಿ, ಯಾರು ನೀನು, ನಿನಗೇನು ದ್ರೋಹ ಮಾಡಿದ್ದೆ ಅಂತ ಕೇಳಿದ. ಅವಳು ಕಾರ್ಖಾನೆಯ ಗೇಟು ಹೇಳಿದಳು, ಹನ್ನೊಂದು ವಾರ ಹೇಳಿದಳು, ಫೋಟೋದಲ್ಲಿ ಎರಡನೇ ಸಾಲು, ಎಡಗಡೆಯಿಂದ ಮೂರನೆಯ ಮುಖ ಅಂದಳು. ಅವನು ಹುಬ್ಬು ಗಂಟಿಕ್ಕಿ ನಿಜವಾಗಿಯೂ ಯೋಚಿಸಿದ.

"ತುಂಬ ಜನ ಇದ್ರಲ್ಲಮ್ಮ" ಅಂದ.

ಹಾಲಿನೊಳಗಿನ ಅಷ್ಟೂ ನಗು ಆ ಒಂದು ಮಾತಿಗೆ ಸಪ್ಪೆಯಾಯಿತು. ಒಂಬತ್ತು ವರ್ಷ ಅವಳು ಹಲ್ಲು ಕಡಿದು ನೆನೆದದ್ದನ್ನು ಆ ಮನುಷ್ಯ ಒಂದು ದಿನವೂ ನೆನೆದಿರಲಿಲ್ಲ.

"ನನ್ನ ಮುಖ ಮರೆತ್ರಿ, ಇರಲಿ. ಇವತ್ತಿನ ನಗು ಮರೀಬೇಡಿ" ಅಂದು ಇಳಿದು ಹೋದಳು.

ಅವನು ರಾಜೀನಾಮೆ ಕೊಟ್ಟ. ಆ ಕುರ್ಚಿಗೆ ಬಂದವನು ಅವನ ಹೆಂಡತಿಯ ತಮ್ಮ. ಅರವತ್ತು ಹಲಗೆಯ ಆರ್ಡರ್ ಬೇರೆ ಅಂಗಡಿಗೆ ಹೋಯಿತು. ಗೆಂಡೆಯ ಹಲಗೆ ಮಾತ್ರ, ಇದನ್ನು ನೀವೇ ಇಟ್ಕೊಳ್ಳಿ ಅಂತ ರದ್ದಿ ಕಾಗದದಲ್ಲಿ ಸುತ್ತಿ ವಾಪಸು ಬಂತು. ಗೆರೆಯಕ್ಕ ಅದನ್ನು ಬಾಗಿಲ ಪಕ್ಕದ ಗೋಡೆಗೆ ನಾಲ್ಕು ಸ್ಕ್ರೂ ಹಾಕಿ ಬಿಗಿದಳು, ದಪ್ಪಕ್ಷರದ ಹೆಸರಿನ ಸಮೇತ. ಅದರ ಕೆಳಗೆ ಒಂದು ಚೀಟಿ: ಫೋಟೋದಲ್ಲಿ ಇದ್ದ ಹಾಗೇ ಕೆತ್ತಿಕೊಡಲಾಗುವುದು. ಕಾರ್ಖಾನೆಯ ಹಳಬರು ಒಬ್ಬೊಬ್ಬರಾಗಿ ಬಂದು ನೋಡಿದರು. ಕಣ್ಣು ಹೋದ ಹುಡುಗಿಯರಲ್ಲೊಬ್ಬಳು ಗಂಡನ ಜೊತೆ ಬಂದು, ಕಚ್ಚಿನ ಮೇಲೆ ಬೆರಳಾಡಿಸಿ, ಎಷ್ಟು ಆಳ ಕೊಟ್ಟಿದ್ದೀಯಾ ಅಂದಳು.

ಭಾವ ಒಂದು ವಾರ ಮುಖ ಊದಿಸಿಕೊಂಡಿದ್ದ. ಆಮೇಲೆ ಒಂದು ಬೆಳಿಗ್ಗೆ ಕೇಳಿದ:

"ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ?"

"ಅರ್ಧ" ಅಂದಳು.

ಅವನು ಏನೇನೋ ಗೊಣಗುತ್ತ ಸ್ಕ್ರೂಡ್ರೈವರ್ ತಂದು ಹಲಗೆಯನ್ನು ಬಿಚ್ಚಿದ. ಅವಳು ಎದ್ದು ನಿಂತಳು. ಅವನು ಅದನ್ನು ಹೊರಗಡೆಗೆ ಒಯ್ದು, ಬಸ್ಸಿಗೆ ಕಾಯುವವರಿಗೆಲ್ಲ ಕಾಣುವ ಹಾಗೆ, ಅಂಗಡಿಯ ಮುಂಭಾಗದ ಗೋಡೆಗೆ ಹಾಕಿ ಬಿಗಿಯತೊಡಗಿದ.