ಮರದ ಗುಂಡಿಗಳ ಕೋಟು

ಗೋವೆಯಲ್ಲಿ ಇನ್ನೂ ಪೋರ್ತುಗೀಸರಿದ್ದ ಕಾಲ. ನಾನು ಹಳಿಯಾಳದಲ್ಲಿ ಬಟ್ಟೆ ಹೊಲಿಯುತ್ತಿದ್ದೆ. ಗೋವೆಯ ಗಡಿಗೆ ಹತ್ತಿರದ ಅಣಶಿಯ ಕಾಡಿಗೆ ಸಿನಿಮಾ ತೆಗೆಯಲು ಬಂದವರು ನನ್ನಿಂದ ಆರು ಕೋಟು ಹೊಲಿಸಿಕೊಂಡು, ಹರಿದರೆ ಸರಿಪಡಿಸಲು ಇರಲಿ ಎಂದು ನನ್ನನ್ನೂ ಲಾರಿಯಲ್ಲಿ ಕರೆದೊಯ್ದರು. ಕಥೆ ಹಳೆಯ ಕಾಲದ್ದು: ಪರಂಗಿ ಸೈನ್ಯದ ಕ್ಯಾಪ್ಟನ್ನೊಬ್ಬ ದೇಸಾಯಿಯ ಪರವಾಗಿ ಗೂಢಚಾರನಾಗುತ್ತಾನೆ. ಆ ಪಾತ್ರದ ನಟ ಮೈಸೂರು ಕಡೆಯವನು, ಕೆಂಪಗಿದ್ದ.

ಒಂದು ಮಧ್ಯಾಹ್ನ ಅವನು ವೇಷ ಕಳಚದೆ ನೀರು ಕೇಳಲು ಹತ್ತಿರದ ಕೇರಿಗೆ ಹೋದ. ತಾಸು ಕಳೆದರೂ ಬರಲಿಲ್ಲ. ಹುಡುಕಿಕೊಂಡು ಹೋದ ನನಗೆ, ಹಲಸಿನ ಮರಕ್ಕೆ ಕಟ್ಟಿಹಾಕಿದ ಅವನು ಕಂಡ. ಸುತ್ತ ಹತ್ತು ಹನ್ನೆರಡು ಜನ, ಕೈಯಲ್ಲಿ ಕತ್ತಿ, ಕೊಡಲಿ. ಪೋರ್ತುಗೀಸ ಸಿಪಾಯಿಯನ್ನು ಅಲ್ಲಿಯವರು ಪಾಖ್ಲೊ ಎನ್ನುತ್ತಿದ್ದರು. ಇವನೂ ಒಬ್ಬ ಪಾಖ್ಲೊ ಎಂದೇ ತಿಳಿದಿದ್ದರು. ಅವನಿಗೋ ಕೊಂಕಣಿ ಬಾರದು. ಒಳಜೇಬಿನಲ್ಲಿದ್ದ, ಸಿನಿಮಾಕ್ಕೆಂದು ಬರೆದ ಕೋಟೆಯ ನಕಾಶೆ ಒಬ್ಬ ಮುದುಕನ ಕೈಗೆ ಸಿಕ್ಕಿತ್ತು.

"ಬಿಡ್ರಿ ಅವನ್ನ. ಆ ಕೋಟು ನಾನ ಹೊಲದೇನಿ," ಎಂದೆ.

ಮುದುಕನಿಗೆ ಸಂತೆಯ ಕನ್ನಡ ಬರುತ್ತಿತ್ತು. "ಪಾಖ್ಲೊಗ ನೀ ಯಾಕ ಹೊಲದಿ? ಈ ಕಳ್ಳ ಜೇಬೂ ನೀನ ಇಟ್ಟೀಯೇನು?"

ಹೌದೆನ್ನದೆ ಗತಿಯಿರಲಿಲ್ಲ. ಇಬ್ಬರು ನನ್ನ ರಟ್ಟೆ ಹಿಡಿದರು. ಸಿನಿಮಾ ಎಂದೆ, ಅದನ್ನು ಕಂಡವರು ಅಲ್ಲಿರಲಿಲ್ಲ. ನಾಟಕ ಎಂದೆ.

"ಕಾಡಿನ್ಯಾಗ ನಾಟಕ ಯಾರು ನೋಡ್ತಾರ?"

ಠಾಣೆ ದೂರ, ಇಲ್ಲೇ ಮುಗಿಸೋಣ ಎಂದು ಯಾರೋ ಕೊಂಕಣಿಯಲ್ಲಿ ಅಂದದ್ದು, ಆ ಭಾಷೆಯ ನಾಲ್ಕು ಮಾತು ಬಲ್ಲ ನನಗೆ ತಿಳಿಯಿತು. ನಟನಿಗೆ ತಿಳಿಯಲಿಲ್ಲ, ಪುಣ್ಯ.

"ಅಜ್ಜಾ, ಕೋಟು ಒಳಗ ತಿರುವಿ ನೋಡ್ರಿ."

ಅಸ್ತರು ಹಿಟ್ಟಿನ ಚೀಲದ ಬಟ್ಟೆ. ಗಿರಣಿಯ ಅಚ್ಚು ಇನ್ನೂ ಮಾಸಿರಲಿಲ್ಲ. ಮುದುಕನ ಹೆಂಡತಿ ಮುಂದೆ ಬಂದು, ಹಿತ್ತಾಳೆಯಂತೆ ಹೊಳೆಯುತ್ತಿದ್ದ ಗುಂಡಿಯನ್ನು ಉಗುರಿನಿಂದ ಕೆರೆದಳು. ಬಣ್ಣ ಎದ್ದು ಮರ ಕಂಡಿತು. ಅವಳು ಏನೋ ಹೇಳಿದಳು.

"ಇಂಥಾ ಕೋಟು ಯಾವ ಸರಕಾರನೂ ಕೊಡಂಗಿಲ್ಲ ಅಂತಾಳ," ಎಂದ ಮುದುಕ. ಹಗ್ಗ ಬಿಚ್ಚಿದರು.

ಕಾಡಿನ ಅಂಚಿನವರೆಗೆ ಅವನೇ ನಮ್ಮ ಜೊತೆ ಬಂದ. "ನನ್ನ ತಂಗಿ ಮನಿ ಗಡಿ ಆ ಕಡಿ ಐತಿ," ಎಂದ. "ಪಾಖ್ಲೊ ಬಂದು ಆಕಿ ಗಂಡನ್ನ ಒಯ್ದು ಎಂಟು ತಿಂಗಳಾತು. ಸುದ್ದಿ ಇಲ್ಲ."

ಅಲ್ಲಿಯವರೆಗೆ ಅವನ ಮೇಲಿದ್ದ ಸಿಟ್ಟು ನನ್ನಲ್ಲಿ ಉಳಿಯಲಿಲ್ಲ. ನಟ ಕೋಟು ಬಿಚ್ಚಿ ನನ್ನ ಕೈಗಿತ್ತು, ಬನಿಯನ್ನಿನಲ್ಲೇ ನಡೆದ. ಮರುದಿನ ಬೆಳಿಗ್ಗೆ ಅವನು ಊರಿಗೆ ಹೊರಟ, ಯಾರೂ ತಡೆಯಲಿಲ್ಲ. ಬೇರೊಬ್ಬ ನಟ ಬರುವ ತನಕ ನಾವು ಐದು ದಿನ ಸುಮ್ಮನೆ ಕೂತೆವು.