ನನ್ನ ಹೆಸರು ಹತ್ತಿದ ಬೆಟ್ಟ

ಜೋಡಿ ಚಪ್ಪಲಿಯಲ್ಲಿ ಒಂದೇ ಸವೆದರೆ ಇನ್ನೊಂದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಯಾವ ಶಾಸ್ತ್ರಕಾರನೂ ಉತ್ತರ ಬರೆದಿಟ್ಟಿಲ್ಲ. ನನ್ನ ಬಲಗಾಲಿನ ಚಪ್ಪಲಿ ಎರಡು ಋತುಗಳನ್ನು ಕಾಣುವುದರೊಳಗೆ ಅಟ್ಟೆ ತೂತಾಗಿ ನೆಲ ತೋರಿಸುತ್ತದೆ. ಎಡಗಾಲಿನದು ಮಾತ್ರ ಅಂಗಡಿಯಿಂದ ತಂದ ದಿನದ ಹೊಳಪನ್ನು ಹಾಗೆಯೇ ಉಳಿಸಿಕೊಂಡು, ದುಡಿಯುವ ಅಣ್ಣನ ಮನೆಯಲ್ಲಿ ಕೂತು ಉಣ್ಣುವ ತಮ್ಮನ ಹಾಗೆ ನಿಶ್ಚಿಂತೆಯಿಂದ ಇರುತ್ತದೆ. ಒಂಟಿ ಚಪ್ಪಲಿ ಹೊಲಿದುಕೊಡಪ್ಪಾ ಎಂದರೆ ಕೊಳ್ಳೇಗಾಲದ ಪೇಟೆಯಲ್ಲಿ ಯಾರೂ ಒಪ್ಪುವುದಿಲ್ಲ, ಅದು ಅಪಶಕುನವಂತೆ. ಹೀಗಾಗಿ ನನ್ನ ಮಂಚದ ಕೆಳಗೆ ಆರೋಗ್ಯವಂತ ಎಡ ಚಪ್ಪಲಿಗಳ ಒಂದು ರಾಶಿಯೇ ಇದೆ. ಅವು ಯಾವ ಉಪಯೋಗಕ್ಕೂ ಬಾರವು.

ಕಾರಣ ಗುಟ್ಟಿನದೇನಲ್ಲ. ಹಸುಗೂಸಾಗಿದ್ದಾಗ ಬಂದ ಜ್ವರವೊಂದು ಹೋಗುವಾಗ ಬರಿಗೈಯಲ್ಲಿ ಹೋಗಬಾರದೆಂದು ನನ್ನ ಎಡಗಾಲಿನ ಅರ್ಧ ಬಲವನ್ನು ತೆಗೆದುಕೊಂಡು ಹೋಯಿತು. ಜೀವ ಉಳಿದರೆ ಮಗಳನ್ನು ಮಾದಪ್ಪನ ಬೆಟ್ಟಕ್ಕೆ ವರ್ಷವರ್ಷವೂ ನಡೆಸುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ. ಹರಕೆಯನ್ನು ಬಿಡುವ ಹಾಗಿಲ್ಲ, ಮಗಳನ್ನು ನಡೆಸುವ ಹಾಗಿಲ್ಲ. ಹಿರಿಯರು ಕೂತು ಯೋಚಿಸಿ ನಮ್ಮ ಕಡೆ ರೂಢಿಯಲ್ಲಿದ್ದ ದಾರಿಯನ್ನೇ ಹಿಡಿದರು: ಅಣ್ಣ ಪುಟ್ಟಮಾದಪ್ಪ ನನ್ನ ಹೆಸರಿನಲ್ಲಿ ನಡೆಯಬೇಕು. ಅಂದಿನಿಂದ ಪ್ರತಿ ದೀಪಾವಳಿಗೆ ಅಣ್ಣ ಮಧುವನಹಳ್ಳಿ, ಹನೂರು ದಾಟಿ ತಾಳಬೆಟ್ಟದ ಬುಡದಲ್ಲಿ ಕೈಮುಗಿದು ನಿಂತು, “ಇದು ರಾಜವ್ವನ ನಡಿಗೆ ಕಣಪ್ಪ ಮಾದೇವ” ಎಂದು ಗಟ್ಟಿಯಾಗಿ ಹೇಳಿ ಬೆಟ್ಟ ಹತ್ತಲು ಶುರುಮಾಡುತ್ತಿದ್ದ. ಅವನದು ಪಾದಯಾತ್ರೆ, ನನ್ನದು ನಾಮಯಾತ್ರೆ.

ಇದರ ಮಹಿಮೆಯನ್ನು ಏನೆಂದು ಹೇಳಲಿ! ಅವನು ಹಿಂದಿರುಗಿದ ದಿನ ಅವನ ಬೊಬ್ಬೆ ಎದ್ದ ಪಾದಕ್ಕೆ ಅತ್ತಿಗೆ ಬಿಸಿನೀರು ಹುಯ್ಯುವಳು, ನೆರೆಯವರು ಬಂದು ನನ್ನನ್ನು ನೋಡಿ, “ಬೆಟ್ಟಕ್ಕೆ ಓಗ್ಬಂದ್ಯಾ ಮಗ, ಕಾಲು ನೋವಾ?” ಎಂದು ವಿಚಾರಿಸುವರು. ಹೌದೆಂದು ನಾನೂ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿದ್ದೆ. ಶಾಲೆಯಲ್ಲಿ ಮೇಷ್ಟ್ರು ಬೆಟ್ಟವನ್ನು ಯಾರು ಯಾರು ಕಂಡಿದ್ದೀರಿ ಎಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿ, ಅಲ್ಲಿ ಏನಿದೆ ಎಂದಾಗ ಎಲ್ಲರಿಗಿಂತ ಮೊದಲು ಬಾಯಿ ಮುಚ್ಚಿದವಳು ನಾನೇ. ಬೆಟ್ಟಕ್ಕೆ ನನ್ನ ಹೆಸರು ಚೆನ್ನಾಗಿ ಪರಿಚಿತವಾಗಿತ್ತು, ನನಗೆ ಬೆಟ್ಟ ಅಪರಿಚಿತವಾಗಿತ್ತು.

ಮುಂದೆ ನಾನು ಓದಿ, ಕೊಯಮತ್ತೂರಿನಲ್ಲಿ ತರಬೇತಿ ಮುಗಿಸಿ, ಊರಿನ ಹೆಣ್ಣುಮಕ್ಕಳ ಶಾಲೆಗೆ ಟೀಚರಮ್ಮನಾದೆ. ನಮ್ಮ ಊರಿನ ವೈಚಿತ್ರ್ಯವನ್ನು ಓದುಗರು ಬಲ್ಲರು: ಮಾತು ಕನ್ನಡ, ಕಚೇರಿ ಮದರಾಸಿನ ಕೊಯಮತ್ತೂರು ಜಿಲ್ಲೆಯದು; ಹತ್ತಿರದ ಯಳಂದೂರಿಗೆ ಹೋದರೆ ಮೈಸೂರು ಸೀಮೆ, ಅಂದರೆ ಪರರಾಜ್ಯ ಪ್ರವಾಸ. ಬಸ್ಸಿನಲ್ಲಿ ಕೂತೇ ರಾಜ್ಯ ದಾಟಬಲ್ಲವಳಿಗೆ ಕಾಲಿನ ಚಿಂತೆ ಏಕೆಂದು ಬಹುಕಾಲ ನನ್ನನ್ನು ನಾನೇ ಸಮಾಧಾನಪಡಿಸಿಕೊಂಡಿದ್ದೆ. ಆದರೆ ಆ ಸಮಾಧಾನದ ಅಡಿಯಲ್ಲಿ ಸಿಟ್ಟೊಂದು ಬೂದಿ ಮುಚ್ಚಿದ ಕೆಂಡವಾಗಿ ಇದ್ದೇ ಇತ್ತು.

ಅದನ್ನು ಊದಿದವಳು ಮೈಸೂರಿನಲ್ಲಿದ್ದ ನನ್ನ ತರಬೇತಿಯ ಗೆಳತಿ. ಅರಣ್ಯ ಇಲಾಖೆಯಿಂದ ನಿವೃತ್ತರಾದ ಅನಂತರಾಯರೆಂಬುವರು ಬೇಸಿಗೆಯಲ್ಲಿ ಒಂದು ತಂಡ ಕಟ್ಟಿಕೊಂಡು ಗಂಗೋತ್ರಿಗೂ, ಅದರಾಚೆ ಗಂಗೆ ಹುಟ್ಟುವ ಹಿಮನದಿಯ ಬಾಯಿಗೂ ಕಾಲ್ನಡಿಗೆಯಲ್ಲಿ ಕರೆದೊಯ್ಯುತ್ತಾರೆಂದು ಅವಳು ಹೇಳಿದ್ದೇ ತಡ, ನಾನು ಹೊರಟುನಿಂತೆ. ಅಣ್ಣನಿಗೆ, “ಅಣ್ಣ, ನಾನು ಬೆಟ್ಟಕ್ಕೆ ಓಯ್ತೀನಿ” ಎಂದೆ. ಅಲ್ಲಿಯೇ ಎಡವಟ್ಟಾಯಿತು. ನಮ್ಮೂರಿನಲ್ಲಿ ಬೆಟ್ಟವೆಂದರೆ ಒಂದೇ ಬೆಟ್ಟ.

“ಅದ್ಕೆ ನಾನಿಲ್ವಾ ಕಣವ್ವ?” ಎಂದ ಅಣ್ಣ, ರೇಷ್ಮೆ ನೂಲಿನ ಕಂತೆಯಿಂದ ತಲೆ ಎತ್ತದೆ.

ಆ ಬೆಟ್ಟವಲ್ಲ, ಹಿಮಾಲಯ, ಮಂಜಿನ ಬೆಟ್ಟ ಎಂದು ಬಿಡಿಸಿ ಹೇಳಿದೆ. ಮಂಜೆಂಬ ಶಬ್ದಕ್ಕೆ ಕೊಳ್ಳೇಗಾಲದಲ್ಲಿ ಬೆಳಗಿನ ಹೊತ್ತು ಕಾಣಿಸಿ ಬಿಸಿಲಿಗೆ ಓಡಿಹೋಗುವ ಮಬ್ಬಿಗಿಂತ ಹೆಚ್ಚಿನ ಅರ್ಥವಿಲ್ಲವೆಂಬುದು ನನಗೆ ಹೊಳೆಯಲಿಲ್ಲ.

“ಮಂಜು ನೋಡಕ್ಕೆ ಅಷ್ಟು ದೂರ ಓಗ್ಬೇಕಾ? ಯಳಂದೂರ್ಗೆ ಓಗಿ ತಲೆ ಎತ್ತಿ ನೋಡು, ರಂಗಪ್ಪನ ಬೆಟ್ಟದ ಮ್ಯಾಲೆ ಬೇಕಾದಷ್ಟು ಮಂಜು ಅದೆ. ಎಸ್ರೇ ಬಿಳಿಗಿರಿ!”

ಶ್ಲೇಷೆಯ ಪಾಠ ಹೇಳುವ ಟೀಚರಮ್ಮನಿಗೇ ಶ್ಲೇಷೆಯಿಂದ ಹೊಡೆದ ತೃಪ್ತಿ ಅವನ ಮುಖದ ಮೇಲೆ ಒಂದು ಕ್ಷಣ ಕಾಣಿಸಿತು. ಆಮೇಲೆ ನಿಜವಾದ ಮಾತು ಬಂತು. “ಕಾಲು ಜಾರಿದ್ರೆ ಯಾರವ್ವ ಇಡ್ಕತಾರೆ ಅಲ್ಲಿ?”

“ನನ್ನ ಕಾಲ ನಾನೇ ಇಡ್ಕತೀನಿ ಅಣ್ಣ” ಎಂದೆ. ಅವನು ಮತ್ತೆ ನೂಲಿನ ಕಂತೆಗೆ ತಲೆ ಬಗ್ಗಿಸಿದ.

ಮೈಸೂರಿನಲ್ಲಿ ಅನಂತರಾಯರು ನನ್ನನ್ನು ಕಂಡಾಗ ನನ್ನ ಮುಖ ನೋಡುವ ಮೊದಲು ಕಾಲನ್ನು ನೋಡಿದರು. ಸಭ್ಯರು, ದಯಾಳುಗಳು, ಅಂಥವರೊಡನೆ ಜಗಳವಾಡುವುದು ಬಹಳ ಕಷ್ಟ. ತಂಡದ ನಿಯಮಗಳನ್ನು ಮೃದುವಾಗಿ ತಿಳಿಸಿದರು: ಅವರವರ ಹಾಸಿಗೆ, ಬಟ್ಟೆ, ಹಿಟ್ಟುಬೇಳೆಗಳ ಮೂಟೆಯನ್ನು ಅವರವರೇ ಬೆನ್ನ ಮೇಲೆ ಹೊರಬೇಕು, ದಾರಿ ತೋರುವವನು ನಿಲ್ಲೆಂದ ಕಡೆ ನಿಲ್ಲಬೇಕು. ಕೊನೆಗೆ, “ನೀವು ಗಂಗೋತ್ರಿಯವರೆಗೆ ಬನ್ನಿ ತಾಯಿ, ಹೇಗಾದರೂ ಆದೀತು. ಮುಂದೆ ಹಿಮನದಿಯ ದಾರಿ ನಿಮಗಲ್ಲ. ನಿಮ್ಮ ಹೆಸರಿನಲ್ಲಿ ನಾನೇ ಒಂದು ಮುಳುಗು ಹಾಕಿ ಬರುತ್ತೇನೆ” ಎಂದರು.

ನೋಡಿದಿರಾ? ರಾಜ್ಯ ಬದಲಾದರೂ ನನ್ನ ಹೆಸರಿಗಿರುವ ಬೇಡಿಕೆ ಬದಲಾಗಲಿಲ್ಲ. ಸರ್ವರೂ ನನ್ನ ಹೆಸರನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಲು ಸಿದ್ಧ, ನನ್ನನ್ನು ಮಾತ್ರ ಒಲ್ಲರು. “ನನ್ನ ಹೆಸರಿಗೆ ಚಳಿಯಾಗುವುದಿಲ್ಲ ಸ್ವಾಮಿ, ನನಗೆ ಆಗಬೇಕು” ಎಂದುಬಿಟ್ಟೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ನನ್ನನ್ನು ಸೇರಿಸಿಕೊಂಡರು, ಆದರೆ ಹಿಮನದಿಯ ಮಾತನ್ನು ಅಲ್ಲಿಗೆ ಹೋದ ಮೇಲೆ ನೋಡೋಣವೆಂದು ತೂಗುಬಿಟ್ಟರು.

ಬಸ್ಸಿನ ರಸ್ತೆ ಮುಗಿದಲ್ಲಿಂದ ನಡಿಗೆ ಶುರುವಾಯಿತು. ಶುರುವಾದ ದಿನವೇ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಹಿಂದೆ ಒಬ್ಬ ಗಡವಾಲಿ ಆಳು ಬೆನ್ನಿಗೆ ದೊಡ್ಡ ಬೆತ್ತದ ಬುಟ್ಟಿ ಕಟ್ಟಿಕೊಂಡು ಬರುತ್ತಿದ್ದ. ಬುಟ್ಟಿಯಲ್ಲಿ ಏನೂ ಇರಲಿಲ್ಲ. ಅದಕ್ಕೆ ಕಂಡಿ ಎನ್ನುತ್ತಾರಂತೆ, ನಡೆಯಲಾರದ ಯಾತ್ರಿಕರನ್ನು ಅದರಲ್ಲಿ ಕೂರಿಸಿ ಹೊರುತ್ತಾರಂತೆ. ತಂಡದಲ್ಲಿ ನಡೆಯಲಾರದವರು ಯಾರೆಂದು ನಾನು ಸುತ್ತ ನೋಡಿದೆ. ಎಲ್ಲರೂ ನನ್ನನ್ನು ಬಿಟ್ಟು ಬೇರೆ ಕಡೆ ನೋಡುತ್ತಿದ್ದರು. ರಾಯರ ದೂರದೃಷ್ಟಿ ನನ್ನ ಹಿಂದೆ ಹೀಗೆ ಬಾಯಿ ತೆರೆದುಕೊಂಡು ಬರುತ್ತಿತ್ತು.

ಏದುಸಿರು ಬಿಡುತ್ತಾ ಏರುವಾಗ ಹಿಂದೊಂದು ಖಾಲಿ ಬುಟ್ಟಿ ಕಾದಿರುವುದು ಎಷ್ಟು ಅಪಮಾನವೋ ಅಷ್ಟೇ ಆಸೆಯೂ ಹೌದು; ಸುಳ್ಳು ಹೇಳಲಾರೆ. ಹೆಗಲು ಸುಲಿದು, ಬಲ ಮೊಣಕಾಲು ಉರಿಯುತ್ತಿದ್ದ ಒಂದು ಮಧ್ಯಾಹ್ನ ಅದರಲ್ಲಿ ಕೂತುಬಿಟ್ಟರೆ ಯಾವ ಲೋಕ ಮುಳುಗೀತೆಂದು ಯೋಚಿಸಿದ್ದೂ ಉಂಟು. ಹಾಗೆ ಯೋಚಿಸಿದ ಮರುಕ್ಷಣವೇ ನನ್ನ ಮೇಲೆ ನನಗೆ ರೇಗಿಹೋಗಿ, ದೇವದಾರು ಮರಗಳ ಕೆಳಗೆ ಬಿದ್ದಿದ್ದ ಒಣ ರೆಂಬೆಗಳನ್ನು ಆಯ್ದು ಆ ಬುಟ್ಟಿಗೆ ತುಂಬತೊಡಗಿದೆ. ಆಳು ನಕ್ಕು ತಾನೂ ಆಯ್ದ. ಅಂದಿನಿಂದ ನನಗೆಂದು ಬಂದ ಬುಟ್ಟಿಯಲ್ಲಿ ತಂಡಕ್ಕೆಲ್ಲ ಸೌದೆ ಬಂತು, ಸಂಜೆ ನಾವು ಇಳಿದುಕೊಂಡಲ್ಲೆಲ್ಲ ಬೆಂಕಿ ಚೆನ್ನಾಗಿ ಉರಿಯಿತು. ರಾಯರು ಅದರ ಮುಂದೆ ಕೈ ಕಾಯಿಸಿಕೊಳ್ಳುತ್ತಾ ಬುಟ್ಟಿಯ ಮಾತನ್ನೇ ಎತ್ತಲಿಲ್ಲ.

ಗಂಗೋತ್ರಿ ದಾಟಿ ಭೂರ್ಜವೃಕ್ಷಗಳ ತೋಪಿನಲ್ಲಿ ಕೊನೆಯ ಬಿಡಾರ. ಅಲ್ಲಿ ದಾರಿ ತೋರುವ ಗೋವಿಂದಸಿಂಗ್ ನನ್ನ ಕಾಲನ್ನು ತೋರಿಸಿ ರಾಯರಿಗೆ ಏನೋ ಹೇಳಿದ. ರಾಯರು ನನ್ನ ಬಳಿ ಬಂದು ನಿಂತರು. ಅವರು ಬಾಯಿ ತೆರೆಯುವುದರೊಳಗೆ ನಾನು ಮೂಟೆ ಬಿಗಿದುಕೊಂಡು, “ನಿಲ್ಲೆಂದರೆ ನಿಲ್ಲಬೇಕೆಂಬ ನಿಯಮ ಗೊತ್ತು. ಬೀಳುವುದನ್ನು ಕಂಡ ಮೇಲೆ ನಿಲ್ಲೆನ್ನಿ. ಬೀಳಬಹುದೆಂದು ನಿಲ್ಲುವುದಾಗಿದ್ದರೆ ನಾನು ತೊಟ್ಟಿಲಿನಲ್ಲೇ ನಿಲ್ಲಬೇಕಾಗಿತ್ತು” ಎಂದೆ. ರಾಯರು ಅದನ್ನು ಹಿಂದಿಯಲ್ಲಿ ಹೇಗೆ ಹೇಳಿದರೋ ಕಾಣೆ, ಗೋವಿಂದಸಿಂಗ್ ತನ್ನ ಬಳಿಯಿದ್ದ ಇನ್ನೊಂದು ಕೋಲನ್ನು ನನಗೆ ಕೊಟ್ಟ.

ಹಿಮನದಿಯೆಂದರೆ ಕವಿಗಳು ವರ್ಣಿಸುವ ಕ್ಷೀರಧವಳ ಕಾಂತಿಯೆಂದು ನಂಬಿದ್ದೆ. ಅದು ಮೊದಲಿಗೆ ಕಾಣುವುದು ಕಲ್ಲುಗಣಿಯ ಹಾಗೆ. ಕಪ್ಪು ಮಣ್ಣು, ಮನೆಯಷ್ಟು ಬಂಡೆ, ಅವುಗಳ ಸಂದಿನಲ್ಲಿ ಹಸಿರುಗಾಜಿನ ಬಣ್ಣದ ಮಂಜುಗಡ್ಡೆ. ಎಲ್ಲವೂ ಗಟ್ಟಿಯಾಗಿರುವಂತೆ ತೋರುತ್ತದೆ, ಯಾವುದೂ ಗಟ್ಟಿಯಲ್ಲ. ಕೂಗಿದರೆ ಮೇಲಿನ ಕಲ್ಲು ಉರುಳೀತೆಂದು ದನಿ ಎತ್ತುವುದಕ್ಕೂ ಅಪ್ಪಣೆಯಿಲ್ಲ. ಅಲ್ಲಿ ಒಂದು ತಮಾಷೆ ನಡೆಯಿತು. ಕಾಡಿನಲ್ಲೇ ಆಯುಷ್ಯ ಕಳೆದ ರಾಯರು ಜಾರಿ ಕೂತರು. ಅವರನ್ನು ಎತ್ತಲು ಹೋದ, ತಂಡದಲ್ಲಿದ್ದ ಗಟ್ಟಿಮುಟ್ಟಾದ ತರುಣ ವಕೀಲರೊಬ್ಬರು ಅವರ ಪಕ್ಕದಲ್ಲೇ ಕೂತರು. ಸರಾಗವಾಗಿ ನಡೆಯುವವರು ನೆಲವನ್ನು ನಂಬಿ ಕಾಲಿಡುತ್ತಾರೆ. ನಾನು ಬುದ್ಧಿ ಬಂದಾಗಿನಿಂದ ಯಾವ ನೆಲವನ್ನೂ ನಂಬಿದವಳಲ್ಲ. ನಮ್ಮ ಮನೆಯ ಹೊಸ್ತಿಲನ್ನು ದಾಟುವಾಗಲೂ ಮೊದಲು ಕಾಲಿಟ್ಟು ನೋಡಿ, ಆಮೇಲೆ ಭಾರ ಬಿಟ್ಟು, ಆಮೇಲೆ ಇನ್ನೊಂದನ್ನು ಎಳೆದುಕೊಳ್ಳುವುದು ನನ್ನ ಪದ್ಧತಿ. ಆ ಗಡ್ಡೆಯ ಮೇಲೆ ಎಲ್ಲರೂ ಈ ಹೊಸ ವಿದ್ಯೆಯನ್ನು ಕಲಿಯಬೇಕಾಗಿ ಬಂತು. ನನಗೆ ಮಾತ್ರ ಅದು ಮಾತೃಭಾಷೆ. ಕುಂಟು ಒಂದು ಊನವೆಂದು ಇಷ್ಟು ಕಾಲ ನಂಬಿಸಿದ್ದರು. ಅದೂ ಒಂದು ಬಗೆಯ ನಡಿಗೆ ಎಂದು ನನಗೆ ಅಲ್ಲಿ ಅರ್ಥವಾಯಿತು.

ಗಂಗೆ ಹೊರಬೀಳುವ ಆ ನೀಲಿ ಗುಹೆಯ ಬಳಿಗೆ ನಾನು ಮೊದಲಿಗಳಾಗಿ ಬರಲಿಲ್ಲ, ಕೊನೆಯವಳಾಗಿಯೂ ಬರಲಿಲ್ಲ. ರಾಯರು ನನ್ನ ಹಿಂದಿದ್ದರು. ಮಂಜಿನ ತುಂಡುಗಳು ತೇಲುವ ನೀರಿಗೆ ಇಳಿದು ಮುಳುಗಿದೆ. ಚಳಿಯಾಯಿತು. ಹಲ್ಲು ಕಟಕಟ ಎನ್ನುವಂತೆ, ಮೂಳೆಯೊಳಗೆ ಇಳಿಯುವಂತೆ, ಬೇರೆ ಯಾರಿಗೂ ಅಲ್ಲದೆ ನನಗೇ ಆಯಿತು. ಆ ಸಂತೋಷದಲ್ಲಿ ಅಪ್ಪಣೆ ಮರೆತು, “ಉಘೇ ಮಾದಪ್ಪ!” ಎಂದು ಕೂಗಿಬಿಟ್ಟೆ. ನಡುಗುತ್ತಿದ್ದ ರಾಯರು, ಗಂಗಾಮಾತೆಯ ಸನ್ನಿಧಿಯಲ್ಲಿ ನಿಮ್ಮ ಮಾದಪ್ಪನಿಗೇನು ಕೆಲಸವೆಂದರು. ಅವಳು ಕೂತಿರುವುದು ಯಾರ ತಲೆಯ ಮೇಲೆ ಎಂದು ಕೇಳಿದೆ. ಕಲ್ಲೊಂದೂ ಉರುಳಲಿಲ್ಲ.

ಗೆದ್ದೆನೆಂದು ಬೀಗಿಕೊಂಡು ಊರಿಗೆ ಬಂದರೆ, ಪೇಟೆಯೆಲ್ಲ ಅಣ್ಣನನ್ನು ಹೊಗಳುತ್ತಿದೆ! ನಾನು ಹೊರಟ ಮೇಲೆ ಅವನು ದೀಪಾವಳಿಗೂ ಕಾಯದೆ, ಸುಡುಬಿಸಿಲಿನಲ್ಲಿ, ಬರಿಗಾಲಲ್ಲಿ, ಮಾದಪ್ಪನ ಬೆಟ್ಟಕ್ಕೆ ನಡೆದಿದ್ದ. “ನೀ ಸುಸೂತ್ರವಾಗಿ ಬರ್ಲಿ ಅಂತ ನಿನ್ನೆಸ್ರಲ್ಲಿ ನಡ್ಕಂಡು ಓಗ್ಬುಟ್ಟು ಬಂದೆ ಕಣವ್ವ” ಎಂದ. ಅಣ್ಣ ನಡೆದದ್ದಕ್ಕೆ ತಂಗಿ ಬದುಕಿ ಬಂದಳೆಂದು ನೆರೆಯವರು ತೀರ್ಪು ಕೊಟ್ಟಾಗಿತ್ತು. ಹಿಮದ ಮೇಲೆ ಸವೆಸಿದ ನನ್ನ ಅಷ್ಟೂ ನಡಿಗೆಯನ್ನು ಕೊಳ್ಳೇಗಾಲ ಮತ್ತೆ ಅವನ ಪಾದಕ್ಕೇ ಕಟ್ಟಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು.

“ನೀ ನಡೆದದ್ದು ನಿಂದು, ನಾ ನಡೆದದ್ದು ನಂದು. ಇನ್ ಮ್ಯಾಲೆ ನನ್ನೆಸ್ರ ಯಾರೂ ಒರ್ಬ್ಯಾಡಿ. ದೀಪಾವಳಿಗೆ ನಾನೇ ಬತ್ತೀನಿ ಬೆಟ್ಟಕ್ಕೆ” ಎಂದೆ.

ಅಣ್ಣ ತನ್ನ ಪಾದದ ಬೊಬ್ಬೆಗಳನ್ನು ಸವರಿಕೊಂಡ. ಜಗಳವಾಡಿದ್ದರೆ ನನಗೆ ಹಗುರವಾಗುತ್ತಿತ್ತು. “ಅಂಗಾದ್ರೆ ನಾನ್ಯಾಕವ್ವ ನಡೀಲಿ ಇನ್ನ?” ಎಂದ.

ನನ್ನ ನಡಿಗೆಯನ್ನು ಇವರು ಕಸಿದರೆಂದು ಗೊಣಗಿದವಳಿಗೆ, ಇವನೂ ತನ್ನ ನಡಿಗೆಯನ್ನು ಒಮ್ಮೆಯಾದರೂ ನಡೆದಿಲ್ಲವೆಂಬುದು ಅದುವರೆಗೆ ಹೊಳೆದಿರಲಿಲ್ಲ.

ದೀಪಾವಳಿಗೆ ಇಬ್ಬರೂ ಹೊರಟೆವು. ಹನೂರಿನ ದಾರಿಯುದ್ದಕ್ಕೂ ಅವನು ನನ್ನ ವೇಗಕ್ಕೆ ಕಾಲು ಹೊಂದಿಸಲಾರದೆ ಒದ್ದಾಡಿದ. ನಾನು ಬೇಕೆಂದೇ ಒಂದು ಗಳಿಗೆಯೂ ಅವಸರಪಡಲಿಲ್ಲ. ತಾಳಬೆಟ್ಟದ ಬುಡದಲ್ಲಿ ಕೈಮುಗಿದು ನಿಂತು ನಾನು ನನ್ನ ಹೆಸರು ಹೇಳಿದೆ. ಅಣ್ಣ, “ಇದು ರಾಜವ್ವನ...” ಎಂದವನು ನಾಲಿಗೆ ಕಚ್ಚಿಕೊಂಡ. ಹಿಂದಿನವರು ತಳ್ಳುತ್ತಿದ್ದರು. ಅವನು ನನ್ನ ಮುಖ ನೋಡಿದ, ನಾನು ಹೇಳಿಕೊಡಲಿಲ್ಲ. ಕೊನೆಗೆ, ಶಾಲೆಗೆ ಹೊಸದಾಗಿ ಸೇರಿದ ಮಕ್ಕಳು ಹೇಳುವ ಹಾಗೆ ಮೆಲ್ಲಗೆ, “ಪುಟ್ಟಮಾದಂದು ಕಣಪ್ಪ” ಎಂದ. ಹೇಳಿದವನು ನಾಚಿ, ನನ್ನ ಕೈ ಹಿಡಿಯಲು ಬಂದ.

“ನೀನು ಓಗು ಅಣ್ಣ, ನಾನು ಬತ್ತೀನಿ” ಎಂದೆ. ಅವನು ಹೋದ.