ವಾಂತಿಗೆ ಸಕ್ಕರೆ ಹಂಚಿದವರು

ಆ ಮನೆಯವರನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ವಯಸ್ಸಾದಂತೆ ಸಿಟ್ಟು ಇಳಿಯುತ್ತದೆ ಅನ್ನುವವರು ನನ್ನ ಹತ್ತಿರ ಬರಬೇಡಿ.

ತಂಗಿಯ ಗಂಡನ ಮನೆಯಿದ್ದ ಹೇರೋಹಳ್ಳಿ ನಗರ ಪಾಲಿಕೆಗೆ ಸೇರಿದ ಹೊಸತು. ಪೈಪ್ ಹಾಕುತ್ತೇವೆಂದು ರಸ್ತೆ ಅಗೆದವರು ಅರೆಬರೆ ಮಣ್ಣು ಮುಚ್ಚಿ ಹೋಗಿದ್ದರು. ಆಗಷ್ಟೇ ಮದುವೆಯಾಗಿದ್ದ ನನ್ನ ತಂಗಿ ಗಂಡನ ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತಿದ್ದಳು. ಗುಂಡಿಯಲ್ಲಿ ಗಾಡಿ ಎಗರಿತು, ಅವಳು ಹಿಂದಕ್ಕೆ ಬಿದ್ದಳು, ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ರಕ್ತ ಬರಲಿಲ್ಲ. ಸೀರೆ ಕೊಡವಿಕೊಂಡು ಎದ್ದು, ಮನೆಗೆ ಹೋಗಿ ಎಲ್ಲರಿಗೂ ಚಪಾತಿ ಮಾಡಿದಳಂತೆ.

ಮರುದಿನ ಬೆಳಿಗ್ಗೆ ಎರಡು ಸಲ ವಾಂತಿ. ಅವಳ ಅತ್ತೆ ನನಗೆ ಫೋನ್ ಮಾಡಿದ್ದು ಗಾಬರಿಯಿಂದಲ್ಲ, ಖುಷಿಯಿಂದ. ನಾನು ಹೋಗುವಷ್ಟರಲ್ಲಿ ಅಕ್ಕಪಕ್ಕದವರ ಬಾಯಿಗೂ ಸಕ್ಕರೆ ಬಿದ್ದಿತ್ತು. ತಂಗಿ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. "ಅಕ್ಕ, ಕಿಟಕಿ ಮುಚ್ಚೇ, ತಲೆ ಸಿಡೀತಿದೆ," ಅಂದಳು.

"ಗಾಡಿಯಿಂದ ಬಿದ್ದಿದಾಳೆ. ತಲೆ ಸ್ಕ್ಯಾನ್ ಮಾಡ್ಸೋಣ," ಎಂದೆ.

"ಅಯ್ಯೋ, ಬಸುರಿಗೆ ಅದೆಲ್ಲ ಮಾಡಿಸ್ತಾರೇನಮ್ಮ? ಕಿರಣ ತಾಗಿ ಮಗೂಗೆ ಏನಾದ್ರೂ ಆದ್ರೆ?" ಎಂದರು ಅತ್ತೆ.

ಮೆಡಿಕಲ್ ಸ್ಟೋರಿಗೆ ಓಡಿ ಬಸಿರು ಪರೀಕ್ಷೆಯ ಪಟ್ಟಿ ತಂದೆ. ಒಂದೇ ಗೆರೆ ಬಂತು, ಬಸಿರಿಲ್ಲ. "ಇಷ್ಟು ಬೇಗ ಅದ್ರಲ್ಲೆಲ್ಲ ಗೊತ್ತಾಗಲ್ಲ ಬಿಡು," ಎಂದು ಅತ್ತೆ ಅದನ್ನು ಕಸಕ್ಕೆ ಎಸೆದರು.

ನಾನಾಗ ಒಂದು ಸಂಶೋಧನಾ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಮಿದುಳಿಗೆ ಪೆಟ್ಟಾದರೆ ಅದರ ಜೀವಕೋಶಗಳಿಂದ ಒಂದು ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಅದನ್ನು ಅಳೆದು ಒಳಗಿನ ಪೆಟ್ಟನ್ನು ಪತ್ತೆ ಮಾಡಬಹುದೇ ಎಂದು ನೋಡುವುದೇ ನಮ್ಮ ಕೆಲಸ. ಕಿರಣವೂ ಬೇಡ, ಯಂತ್ರದೊಳಗೆ ಮಲಗುವುದೂ ಬೇಡ, ತೋಳಿನಿಂದ ಒಂದಿಷ್ಟು ರಕ್ತ ಸಾಕು. ಅದಕ್ಕೆ ಆ ಮನೆಯವರು ಬೇಡವೆನ್ನುತ್ತಿರಲಿಲ್ಲ. ಬೀದಿಗೆ ಬಂದು ಲ್ಯಾಬಿನ ಮುಖ್ಯಸ್ಥರಿಗೆ ಫೋನ್ ಮಾಡಿ, ತಂಗಿಯ ರಕ್ತವನ್ನು ಇವತ್ತೇ ಪರೀಕ್ಷಿಸಬಹುದೇ ಎಂದು ಕೇಳಿದೆ.

"ನೋಡಮ್ಮ, ಪ್ಲೇಟಿನ ಗುಳಿಯೆಲ್ಲ ತುಂಬೋಷ್ಟು ಜನರ ರಕ್ತ ಸೇರ್ದೆ ನಾವು ಟೆಸ್ಟ್ ಮಾಡಲ್ಲ, ನಿಂಗೇ ಗೊತ್ತಲ್ಲ. ಮಾಡಿದ್ರೂ ಇನ್ನೂ ಸಾಬೀತಾಗ್ದಿರೋ ಆ ನಂಬರ್ ನಂಬ್ಕೊಂಡು ಏನು ಹೇಳೋದು? ಸ್ಕ್ಯಾನೇ ಮಾಡ್ಸು," ಎಂದರು.

ಅವರು ಹೇಳಿದ್ದು ಸರಿ. ಆದರೂ ಫೋನನ್ನು ಚರಂಡಿಗೆ ಎಸೆಯಬೇಕೆನಿಸಿತು. ಬಸಿರನ್ನು ಪತ್ತೆ ಮಾಡಲು ಗಲ್ಲಿಯ ಅಂಗಡಿಯಲ್ಲೂ ಪಟ್ಟಿ ಸಿಗುತ್ತದೆ. ತಲೆಯೊಳಗೆ ಏನಾಗಿದೆ ಎಂದು ಹೇಳಬಹುದಾದ ರಕ್ತ ಮಾತ್ರ ನಮ್ಮ ಫ್ರೀಜರಿನಲ್ಲಿ ಸರದಿ ಕಾಯುತ್ತಾ ಕೂತಿರುತ್ತದೆ.

ಸಂಜೆಗೆ ತಂಗಿಯ ಬಲಗೈ ಮೇಲೇಳಲಿಲ್ಲ, ಕರೆದರೆ ಓಗೊಡಲಿಲ್ಲ. ಆಮೇಲೆ ನಾನು ಯಾರನ್ನೂ ಕೇಳಲಿಲ್ಲ. ಆಟೋ ತಂದು, ಅವಳನ್ನು ಎತ್ತಿ ಹಾಕಿಕೊಂಡು ಮಾಗಡಿ ರಸ್ತೆಯ ಆಸ್ಪತ್ರೆಗೆ ಓಡಿದೆ. ಮಿದುಳಿನ ಪಕ್ಕ ರಕ್ತ ಹೆಪ್ಪುಗಟ್ಟಿದ್ದು ಸ್ಕ್ಯಾನಿನಲ್ಲಿ ಕಂಡಿತು. ತಲೆ ಬೋಳಿಸಿ ಆಪರೇಷನ್ ಮಾಡಿದರು.

ಸರ್ಜನ್ ಹೊರಗೆ ಬಂದು, "ಜೀವಕ್ಕೆ ಅಪಾಯ ಇಲ್ಲ. ಕೈ, ಮಾತು ಎಷ್ಟು ವಾಪಸ್ ಬರುತ್ತೋ ನೋಡ್ಬೇಕು," ಎಂದರು. ಹಿಂದೆಯೇ ಬಂದಿದ್ದ ಅತ್ತೆ ಕೈಮುಗಿದು ಮುಂದೆ ಬಂದರು. "ಮುಂದಕ್ಕೆ ಮಕ್ಕಳಾಗೋಕೆ ಏನೂ ತೊಂದ್ರೆ ಇಲ್ಲ ಅಲ್ವಾ ಸಾರ್?"

ಅಲ್ಲಿಯವರೆಗೆ ಆಕೆಯನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ ನಾನು. "ನಡಿಯೇ ಆಚೆ," ಎಂದೆ. ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಆಸ್ಪತ್ರೆಯಿಂದ ಬಿಟ್ಟ ದಿನ ತಂಗಿಯನ್ನು ನೇರ ನನ್ನ ಮನೆಗೇ ಕರೆತಂದೆ. "ಅಕ್ಕ" ಎಂಬುದೊಂದು ಬಿಟ್ಟು ಬೇರೆ ಮಾತು ಅವಳ ಬಾಯಲ್ಲಿ ಬರಲು ಇಡೀ ಮಳೆಗಾಲ ಕಳೆಯಬೇಕಾಯಿತು.